ಇನ್ನೊಂದು ತಾಟು



ಬರುವ ಭಾನುವಾರ ಈಸ್ಟರ್. ಹುಬ್ಬಳ್ಳಿಯ ವಿದ್ಯಾನಗರದಲ್ಲಿ ನಮ್ಮ ಮನೆ. ನಮ್ಮ ಓಣಿಯಲ್ಲಿ ಕ್ರೈಸ್ತರ ಮನೆಗಳು ಹೆಚ್ಚಿಲ್ಲ. ಡಿಸೆಂಬರಿನಲ್ಲಿ ನಕ್ಷತ್ರದ ದೀಪ ತೂಗುಹಾಕಿದರೆ ಕ್ರಿಸ್‌ಮಸ್ ಬಂತೆಂದು ಎಲ್ಲರಿಗೂ ಗೊತ್ತಾಗುತ್ತದೆ. ಈಸ್ಟರ್ ಬಂದದ್ದು, ಹೋದದ್ದು ಎಷ್ಟೋ ಮಂದಿಗೆ ತಿಳಿಯುವುದಿಲ್ಲ. ಶುಭ ಶುಕ್ರವಾರದ ರಜೆಯಷ್ಟೇ ನೆನಪಿರುತ್ತದೆ. ಆದರೆ ನಮಗೆ ವರ್ಷದ ದೊಡ್ಡ ಹಬ್ಬ ಇದೇ. ಶಿಲುಬೆಗೇರಿಸಿದ ಯೇಸು ಮೂರನೆಯ ದಿನ ಎದ್ದು ಬಂದನೆಂಬ ನಂಬಿಕೆಯ ಮೇಲೆ ನಮ್ಮ ಉಳಿದೆಲ್ಲ ಹಬ್ಬಗಳೂ ನಿಂತಿವೆ.

ಈ ಹಬ್ಬಕ್ಕೆ ಗೊತ್ತಾದ ತಾರೀಖಿಲ್ಲ. ಮಾರ್ಚ್ 21ರಂದು ಇಲ್ಲವೇ ಅದರ ನಂತರ ಬರುವ ಹುಣ್ಣಿಮೆ, ಆ ಹುಣ್ಣಿಮೆ ಕಳೆದು ಬರುವ ಭಾನುವಾರ, ಹೀಗೆ ಅದರ ಲೆಕ್ಕ. ಒಮ್ಮೊಮ್ಮೆ ಹೋಳಿ ಹುಣ್ಣಿಮೆಯ ಬೆನ್ನಿಗೆ ಬರುತ್ತದೆ, ಹೆಚ್ಚಾಗಿ ದವನದ ಹುಣ್ಣಿಮೆಯ ಬೆನ್ನಿಗೆ. 2024ರಲ್ಲಿ ಮಾರ್ಚ್ 31ಕ್ಕೇ ಬಂದಿತ್ತು. ಹೋಳಿ ಆಗಿ ವಾರವೂ ತುಂಬಿರಲಿಲ್ಲ. 2019ರಲ್ಲಂತೂ ಹನುಮ ಜಯಂತಿ ಮತ್ತು ಶುಭ ಶುಕ್ರವಾರ ಎರಡೂ ಏಪ್ರಿಲ್ 19ರಂದೇ ಕೂಡಿದ್ದವು.

ಮೊದಲನೆಯ ಈಸ್ಟರ್ ಹೇಗಿತ್ತೆಂದು ಸುವಾರ್ತೆಗಳಲ್ಲಿ ಓದುವಾಗ ನನಗೆ ಪ್ರತಿ ಸಲವೂ ಬೆರಗಾಗುತ್ತದೆ. ಅಲ್ಲಿ ಜನಸಂದಣಿಯಿಲ್ಲ, ಮೆರವಣಿಗೆಯಿಲ್ಲ. ನಸುಕಿನಲ್ಲಿ ಕೆಲವು ಹೆಣ್ಣುಮಕ್ಕಳು ಸಮಾಧಿಯ ಕಡೆ ನಡೆದಿದ್ದಾರೆ. ಕೈಯಲ್ಲಿ ಸುಗಂಧದ್ರವ್ಯ. ಶುಕ್ರವಾರ ಹೊತ್ತು ಮುಳುಗಿದರೆ ಯೆಹೂದ್ಯರ ಸಬ್ಬತ್ತು ಶುರುವಾಗುತ್ತದೆ, ಆಮೇಲೆ ಕೆಲಸ ಮಾಡುವಂತಿಲ್ಲ. ಅವಸರದಲ್ಲಿ ಮಣ್ಣು ಮಾಡಿದ್ದ ಯೇಸುವಿನ ದೇಹಕ್ಕೆ ಸಲ್ಲಬೇಕಾದ ಉಪಚಾರ ಬಾಕಿ ಉಳಿದಿತ್ತು. ಅದನ್ನು ಮುಗಿಸಲು ಹೊರಟವರು ಅವರು. ಸಮಾಧಿಯ ಬಾಯಿಗಿಟ್ಟ ಕಲ್ಲನ್ನು ಯಾರು ಉರುಳಿಸಿಕೊಡುತ್ತಾರೆ ಎಂಬುದೇ ದಾರಿಯುದ್ದಕ್ಕೂ ಅವರ ಚಿಂತೆ. ಸತ್ತವರ ಮನೆಯಲ್ಲಿ ಮುಂದೇನು ಮಾಡಬೇಕೆಂದು ಲೆಕ್ಕ ಹಾಕುವ ನಮ್ಮ ಅಕ್ಕ-ತಂಗಿಯರ ಚಿಂತೆಯೂ ಹೀಗೇ ಇರುತ್ತದೆ. ಜಗತ್ತಿನ ಅತಿ ದೊಡ್ಡ ಸುದ್ದಿ ಮೊದಲು ಸಿಕ್ಕಿದ್ದು ಇಂಥವರಿಗೆ.

ಅದೇ ದಿನ ಸಂಜೆಯ ಕತೆ ನನಗೆ ಇನ್ನೂ ಹತ್ತಿರದ್ದು. ಇಬ್ಬರು ಶಿಷ್ಯರು ಯೆರೂಸಲೇಮಿನಿಂದ ಎಮ್ಮಾವು ಎಂಬ ಹಳ್ಳಿಗೆ ಹೊರಟಿದ್ದಾರೆ. ಸುಮಾರು 11 ಕಿಲೋಮೀಟರ್ ದಾರಿ. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೊರಟವರು ಅರ್ಧ ದಾರಿ ದಾಟಿದಷ್ಟು ದೂರ. ಅಪರಿಚಿತನೊಬ್ಬ ಜೊತೆಯಾಗುತ್ತಾನೆ, ಮಾತಾಡುತ್ತ ನಡೆಯುತ್ತಾನೆ. ಅವನೇ ಯೇಸು ಎಂದು ಅವರಿಗೆ ತಿಳಿಯುವುದಿಲ್ಲ. ಊರು ಬಂದಾಗ ಅವನು ಮುಂದೆ ಹೋಗುವವನಂತೆ ಹೆಜ್ಜೆ ಹಾಕುತ್ತಾನೆ. ಹೊತ್ತಾಯಿತು, ಇಲ್ಲೇ ಇರಿ ಎಂದು ಇವರು ಒತ್ತಾಯ ಮಾಡಿ ಒಳಗೆ ಕರೆಯುತ್ತಾರೆ. ಊಟಕ್ಕೆ ಕೂತಾಗ ಅವನು ರೊಟ್ಟಿ ಮುರಿದುಕೊಡುತ್ತಾನೆ. ಆಗ ಗುರುತು ಸಿಗುತ್ತದೆ. ದಾರಿಯಲ್ಲಿ ಅಷ್ಟೊಂದು ಶಾಸ್ತ್ರದ ಮಾತು ಕೇಳಿದರೂ ಸಿಗದ ಗುರುತು ಅದು. ಅವನನ್ನು ಅವರು ಒಳಗೆ ಕರೆಯದೇ ಇದ್ದಿದ್ದರೆ?

ನಮ್ಮ ಸೀಮೆಯಲ್ಲಿ ಈ ಕತೆ ಹೊಸದಲ್ಲ. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು, 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ. ಅದೇ ಮಿಷನ್ನಿನ, ನಿಘಂಟಿನ ಕಿಟ್ಟೆಲರು 1862ರಲ್ಲೇ ‘ಕಥಾಮಾಲೆ’ಯಲ್ಲಿ ಯೇಸುವಿನ ಚರಿತ್ರೆಯನ್ನು ಕನ್ನಡದ ಛಂದಸ್ಸಿನಲ್ಲಿ ಹೇಳಿದರು. ಧಾರವಾಡದಲ್ಲಿ ಹುಟ್ಟಿದ ಉತ್ತಂಗಿ ಚನ್ನಪ್ಪನವರು ಸಭಾಪಾಲಕರಾಗಿದ್ದುಕೊಂಡೇ ಸರ್ವಜ್ಞನ ವಚನಗಳನ್ನು ಕಲೆಹಾಕಿ 1924ರಲ್ಲಿ ಹೊರತಂದರು, 1949ರ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರೂ ಆದರು. ಇಂಥವರ ಕಡೆಯಿಂದ ಬಂದ ನಮ್ಮ ಹಬ್ಬಕ್ಕೆ ಈ ನೆಲದ ರುಚಿ ಬಾರದಿದ್ದೀತೆ? ನಮ್ಮ ಮನೆಯಲ್ಲಿ ಈಸ್ಟರಿಗೆ ಗೋಧಿ ಹುಗ್ಗಿಯೇ ಆಗಬೇಕು.

ಬೆಳಿಗ್ಗೆ ದೇವಾಲಯಕ್ಕೆ ಹೋಗುವ ಮೊದಲು ನಾವು ಮನೆಯವರೆಲ್ಲ ಸ್ಮಶಾನಕ್ಕೆ ಹೋಗುತ್ತೇವೆ. ಮಾವನವರ ಸಮಾಧಿಯ ಮೇಲಿನ ಎಲೆ ಗುಡಿಸಿ, ಹೂವಿಟ್ಟು, ಮೇಣದಬತ್ತಿ ಹಚ್ಚಿ, ಸೂರ್ಯ ಮೂಡುವ ಹೊತ್ತಿಗೆ ಒಂದು ಹಾಡು ಹೇಳುತ್ತೇವೆ. ಹಬ್ಬದ ದಿನ ಸ್ಮಶಾನವೇ ಎಂದು ಕೇಳಿದವರುಂಟು. ಜರ್ಮನಿಯ ಹೆರ್ನ್‌ಹುಟ್ ಎಂಬ ಊರಿನಲ್ಲಿ 1732ರ ಈಸ್ಟರ್ ನಸುಕಿನಲ್ಲಿ ಮೊರೇವಿಯನ್ ಸಭೆಯ ಯುವಕರು ಹೀಗೆ ಸಮಾಧಿಗಳ ನಡುವೆ ನಿಂತು ಹಾಡಿದ್ದರು. ಎಲ್ಲಿಯದೋ ಪದ್ಧತಿ, ಎಷ್ಟು ಸರಿಯಾಗಿದೆ! ಸಾವನ್ನು ಗೆದ್ದ ಹಬ್ಬವನ್ನು ಸತ್ತವರನ್ನು ಬಿಟ್ಟು ಹೇಗೆ ಮಾಡುವುದು?

ನಮ್ಮ ಹಬ್ಬ ಈಗಿರುವಷ್ಟು ಚಿಕ್ಕದಾದದ್ದು 2020ರಲ್ಲಿ. ಆ ವರ್ಷ ಈಸ್ಟರ್ ಏಪ್ರಿಲ್ 12ಕ್ಕೆ, ಲಾಕ್‌ಡೌನ್ ನಡುವೆ. ದೇವಾಲಯದ ಬಾಗಿಲು ಮುಚ್ಚಿತ್ತು, ಸ್ಮಶಾನಕ್ಕೂ ಹೋಗುವಂತಿರಲಿಲ್ಲ. ಹೊಸ ಬಟ್ಟೆಯಿಲ್ಲ, ಬೇಕರಿಯ ತಿಂಡಿಯಿಲ್ಲ. ಅತ್ತೆ ಹಾಲ್‌ನಲ್ಲಿ ಕೂತು ಎಮ್ಮಾವಿನ ಅಧ್ಯಾಯ ಓದಿದರು, ಮಕ್ಕಳು ಹಾಡಿದರು, ರೊಟ್ಟಿ ಮುರಿದು ಹಂಚಿಕೊಂಡೆವು.

ಮೊಟ್ಟೆಗೆ ಹಚ್ಚುವ ಬಣ್ಣವೂ ಸಿಕ್ಕಿರಲಿಲ್ಲ. ಅತ್ತೆ ಉಳ್ಳಾಗಡ್ಡಿ ಸಿಪ್ಪೆ ಕೂಡಿಟ್ಟಿದ್ದರು. ಹಸಿ ಮೊಟ್ಟೆಯ ಮೇಲೆ ಒಂದು ಕೊತ್ತಂಬರಿ ಎಲೆ ಒತ್ತಿ, ತೆಳ್ಳನೆಯ ಹಳೆ ಅರಿವೆಯಲ್ಲಿ ಬಿಗಿಯಾಗಿ ಸುತ್ತಿ ದಾರ ಕಟ್ಟುವುದು. ಸಿಪ್ಪೆ ಹಾಕಿದ ನೀರಿನಲ್ಲಿ ಕುದಿಸುವುದು. ಆರಿದ ಮೇಲೆ ಬಿಚ್ಚಿದರೆ ಮೊಟ್ಟೆ ಕೆಂಗಂದು ಬಣ್ಣಕ್ಕೆ ತಿರುಗಿರುತ್ತದೆ, ಎಲೆಯಿದ್ದ ಜಾಗದಲ್ಲಿ ಅದರ ಒಂದೊಂದು ಹಲ್ಲೂ ಬೆಳ್ಳಗೆ ಮೂಡಿರುತ್ತದೆ. ಮಕ್ಕಳಿಗೆ ಅಂಗಡಿಯ ಯಾವ ಬಣ್ಣವೂ ಕೊಡದ ಖುಷಿಯನ್ನು ಆ ಎಲೆಯ ಅಚ್ಚು ಕೊಟ್ಟಿತು. ಇವತ್ತಿಗೂ ನಾವು ಅದನ್ನು ಬಿಟ್ಟಿಲ್ಲ.

ಎಲ್ಲ ಚೆನ್ನಾಗಿತ್ತು. ಆದರೂ ಉಣ್ಣಲು ಕೂತಾಗ ಅತ್ತೆ ಅಂದರು: ‘ಮಂದಿ ಇಲ್ಲದ ಹಬ್ಬ ಎಂಥಾ ಹಬ್ಬವಾ?’

ನಮ್ಮ ಪಕ್ಕದ ಕಟ್ಟಡದ ಮೇಲಿನ ಮಾಳಿಗೆಯಲ್ಲಿ ಪಿ.ಜಿ. ಇತ್ತು. ನರ್ಸಿಂಗ್ ಓದುವ ಕೇರಳದ ಹುಡುಗಿಯೊಬ್ಬಳು ಊರಿಗೆ ಹೋಗಲಾಗದೆ ಅಲ್ಲೇ ಸಿಕ್ಕಿಕೊಂಡಿದ್ದಳು. ಅತ್ತೆ ಕಂಪೌಂಡಿನ ಹತ್ತಿರ ನಿಂತು ಕರೆದರು: ‘ಏ ಹುಡುಗಿ, ಊಟ ಮಾಡಿದ್ಯೇನ?’ ಅವಳು ಮೇಲಿನಿಂದ ಹಗ್ಗಕ್ಕೆ ಚೀಲ ಕಟ್ಟಿ ಇಳಿಬಿಟ್ಟಳು. ಹುಗ್ಗಿಯ ಡಬ್ಬಿ, ಎರಡು ರೊಟ್ಟಿ, ಎಲೆ ಮೂಡಿದ ಒಂದು ಮೊಟ್ಟೆ ಇಟ್ಟೆವು. ಚೀಲ ತೂಗಾಡುತ್ತ ಮೇಲೇರಿತು. ಮೊಟ್ಟೆ ಕೈಗೆ ಸಿಕ್ಕೊಡನೆ ಅದನ್ನೆತ್ತಿ ನಮಗೆ ತೋರಿಸಿ, ‘ಹ್ಯಾಪಿ ಈಸ್ಟರ್, ಅಜ್ಜಿ’ ಎಂದು ಕೂಗಿದಳು, ಅತ್ತಳು. ಆ ಮಧ್ಯಾಹ್ನ ನಮ್ಮ ಮನೆಗೆ ಹಬ್ಬ ಬಂತು.

ಹಬ್ಬವನ್ನು ಸರಳವಾಗಿ ಮಾಡಬೇಕು ಎನ್ನುವಾಗ ನಾವು ಸಾಮಾನ್ಯವಾಗಿ ಖರ್ಚಿನ ಮಾತಾಡುತ್ತೇವೆ. ನನಗೆ ಅದಕ್ಕಿಂತ ಬೇರೆ ಕಾರಣ ಕಾಣುತ್ತದೆ. ಹತ್ತು ಬಗೆಯ ಅಡುಗೆ, ಎಣಿಸಿದ ಆಮಂತ್ರಣ, ಹೊಂದಿಸಿಟ್ಟ ಕುರ್ಚಿಗಳು ಇದ್ದಲ್ಲಿ ಕರೆಯದೆ ಬಂದವರು ಮುಜುಗರಪಡುತ್ತಾರೆ, ಮನೆಯವರೂ ತಡಬಡಿಸುತ್ತಾರೆ. ರೊಟ್ಟಿ, ಬದನೆಕಾಯಿ ಪಲ್ಯ, ಹುಗ್ಗಿ ಇದ್ದ ಮನೆಯಲ್ಲಿ ಇನ್ನೊಂದು ತಾಟು ಹಾಕುವುದು ಕಷ್ಟವಲ್ಲ. ಸಿದ್ಧಾರೂಢ ಮಠದ ದಾಸೋಹ ಕಂಡ ಊರು ನಮ್ಮದು. ಇದನ್ನು ಹುಬ್ಬಳ್ಳಿಯವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ವಿದ್ಯಾನಗರದ ತುಂಬ ಓದುವ ಮಕ್ಕಳು. ನಾವು ಇಂದಿಗೂ ಬಿ.ವಿ.ಬಿ. ಎನ್ನುವ ಕೆ.ಎಲ್.ಇ. ತಾಂತ್ರಿಕ ವಿಶ್ವವಿದ್ಯಾಲಯ, ಜನರ ಬಾಯಲ್ಲಿ ಕಿಮ್ಸ್ ಎಂದೇ ಉಳಿದಿರುವ ವೈದ್ಯಕೀಯ ಕಾಲೇಜು ಮತ್ತು ಆಸ್ಪತ್ರೆ, ಜಾಬಿನ್ ಕಾಲೇಜು ಎಲ್ಲ ಇಲ್ಲೇ ಇವೆ. ಇವರಲ್ಲಿ ದೂರದೂರಿನಿಂದ ಬಂದ ಕ್ರೈಸ್ತ ಮಕ್ಕಳೂ ಇರುತ್ತಾರೆ. ಕ್ರಿಸ್‌ಮಸ್‌ಗೆ ಊರಿಗೆ ಹೋಗಿಬರುವವರು ಈಸ್ಟರಿಗೆ ಪರೀಕ್ಷೆಯೆಂದು ರೂಮಿನಲ್ಲೇ ಉಳಿಯುತ್ತಾರೆ. ಆಸ್ಪತ್ರೆಯ ಮುಂದೆ ಗದಗ, ಹಾವೇರಿ, ಕೊಪ್ಪಳದ ಕಡೆಯಿಂದ ಬಂದು ರೋಗಿಯ ಜೊತೆ ಕಾದು ಕೂತವರಿರುತ್ತಾರೆ; ಅವರು ಯಾವ ಧರ್ಮದವರಾದರೇನು? ನಮ್ಮ ಹಬ್ಬ ನಡೆಯುವುದು ಇವರೆಲ್ಲರಿಂದ ಕೂಗಳತೆಯಲ್ಲಿ.

ಈ ಭಾನುವಾರ ನಮ್ಮ ಮನೆಗೆ ಇಬ್ಬರು ವಿದ್ಯಾರ್ಥಿಗಳು ಬರುತ್ತೇವೆ ಎಂದಿದ್ದಾರೆ. ಪಕ್ಕದ ಮನೆಯ ಪಾಟೀಲ ಕಾಕೂ ಪ್ರತಿ ವರ್ಷದಂತೆ ಮಾವಿನಕಾಯಿ ಉಪ್ಪಿನಕಾಯಿ ತರುತ್ತಾರೆ. ಅತ್ತೆ ಶುಕ್ರವಾರದಿಂದಲೇ ಗೋಧಿ ನೆನೆಯಿಡುವ ಲೆಕ್ಕ ಹಾಕುತ್ತಿದ್ದಾರೆ, ಒಂದಿಷ್ಟು ಹೆಚ್ಚಿಗೆ ನೆನೆಸೋಣ ಎನ್ನುತ್ತಿದ್ದಾರೆ. ನಿಮ್ಮ ಓಣಿಯಲ್ಲೂ ಮನೆ ಬಿಟ್ಟು ಬಂದ ಯಾರಾದರೂ ಇದ್ದರೆ, ಶನಿವಾರ ಸಂಜೆಯೊಳಗೆ ಅವರನ್ನು ಮಾತಾಡಿಸಿ.