ಪಾಸ್‌ವರ್ಡ್ ಮತ್ತು ನಮ್ಮ ಹತ್ತನೇ ತರಗತಿಯ ಲೆಕ್ಕ



ಹತ್ತನೇ ತರಗತಿಯ ಗಣಿತದಲ್ಲಿ ನಮಗೆ ಕ್ರಮಯೋಜನೆ ಎಂಬ ಪಾಠವಿತ್ತು. ‘ಇದು ಯಾವ ಕೆಲಸಕ್ಕೆ ಬರುತ್ತದೆ ಸಾರ್?’ ಎಂದು ಕೇಳುತ್ತಿದ್ದೆವು. ಇಂದು ಹಾಲಿನ ದುಡ್ಡು, ಪಿಂಚಣಿ, ಮಕ್ಕಳ ವಿದ್ಯಾರ್ಥಿವೇತನ ಎಲ್ಲವೂ ಬ್ಯಾಂಕ್ ಖಾತೆಗೇ ಬರುತ್ತವೆ. ಆ ಖಾತೆಯ ಬೀಗ ಎಷ್ಟು ಗಟ್ಟಿ ಎಂದು ಅಳೆಯುವುದು ಅದೇ ಪಾಠದ ಲೆಕ್ಕದಿಂದ.

ನಾಲ್ಕು ಅಂಕಿಯ ಪಿನ್ ಎಂದರೆ ಹತ್ತನ್ನು ನಾಲ್ಕು ಸಲ ಗುಣಿಸಬೇಕು: 10,000 ಸಾಧ್ಯತೆಗಳು. ಇಂಗ್ಲಿಷಿನ 26 ಸಣ್ಣಕ್ಷರಗಳನ್ನಷ್ಟೇ ಬಳಸಿದ 8 ಅಕ್ಷರದ ಪಾಸ್‌ವರ್ಡ್‌ಗೆ ಸುಮಾರು 20,900 ಕೋಟಿ. ದೊಡ್ಡಕ್ಷರ, ಅಂಕಿ, ಚಿಹ್ನೆ, ಖಾಲಿ ಜಾಗ ಸೇರಿದರೆ ಕೀಲಿಮಣೆಯಲ್ಲಿ ಒಟ್ಟು 95 ಗುರುತುಗಳು; ಆಗ ಅದೇ 8 ಸ್ಥಾನಗಳಿಗೆ ಸುಮಾರು 66 ಕೋಟಿ ಕೋಟಿ. ‘ಎಲ್ಲ ಬಗೆಯ ಅಕ್ಷರ ಬೆರೆಸಿ’ ಎನ್ನುವುದು ಇದಕ್ಕೇ. ಆದರೆ ಬರೀ ಸಣ್ಣಕ್ಷರಗಳಲ್ಲೇ 12 ಸ್ಥಾನ ತುಂಬಿದರೆ? ಸುಮಾರು 954 ಕೋಟಿ ಕೋಟಿ! ಬೆರಕೆಗಿಂತ ಉದ್ದವೇ 14 ಪಟ್ಟು ಮುಂದೆ.

ಈ ಲೆಕ್ಕಕ್ಕೆ ಒಂದು ಷರತ್ತಿದೆ. ಅಕ್ಷರಗಳನ್ನು ಚೀಟಿ ಎತ್ತಿದಂತೆ ಆರಿಸಿರಬೇಕು. ನಾವು ಮಾಡುವುದೇನು? ಮನೆದೇವರ ಹೆಸರು, ಮೊದಲಕ್ಷರ ದೊಡ್ಡದು, ಕೊನೆಗೆ ಒಂದು ಚಿಹ್ನೆ, ಆಮೇಲೆ 123. ನಾಲ್ಕೂ ಬಗೆಯ ಗುರುತು ಅದರಲ್ಲಿದೆ, ಭದ್ರತೆ ಮಾತ್ರ ಇಲ್ಲ. ಕಳ್ಳನ ಕಂಪ್ಯೂಟರ್ ಮೊದಲು ನೋಡುವುದೇ ಇಂಥ ಹೆಸರುಗಳನ್ನು, ಇಂಥ ಬಾಲಗಳ ಜೊತೆಗೆ. ಅಮೆರಿಕದ ಮಾನಕ ಸಂಸ್ಥೆ ಎನ್‌ಐಎಸ್‌ಟಿ ಕೂಡ 2017ರಲ್ಲಿ ಕಡ್ಡಾಯ ಬೆರಕೆಯ ನಿಯಮ ಬೇಡವೆಂದು, ಉದ್ದಕ್ಕೆ ಒತ್ತು ಕೊಡಿ ಎಂದು ತನ್ನ ಮಾರ್ಗಸೂಚಿಯನ್ನು ಬದಲಿಸಿತು.

ಹಾಗಾದರೆ ಏನು ಮಾಡಬೇಕು? ಕನ್ನಡ ನಿಘಂಟನ್ನು ಐದು ಕಡೆ ತೆರೆಯಿರಿ. ಕಣ್ಣುಮುಚ್ಚಿ ಬೆರಳಿಟ್ಟ ಪದಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಒಟ್ಟಿಗೆ ಬರೆಯಿರಿ. ಅಂಕಿ, ಚಿಹ್ನೆ ಬೇಕೇ ಬೇಕೆಂದರೆ ನಡುವೆ ಸೇರಿಸಿ. ಬ್ಯಾಂಕಿಗೊಂದು, ಇಮೇಲ್‌ಗೊಂದು ಬೇರೆ ಬೇರೆ ಇರಲಿ. ಪಿನ್‌ಗೆ ಹುಟ್ಟಿದ ವರ್ಷ ಬೇಡ. ಫೋನಿನಲ್ಲಿ ಯಾರೇ ಕೇಳಿದರೂ ಒಟಿಪಿ ಹೇಳಬೇಡಿ. ಹೇಳಿಬಿಟ್ಟರೆ ಯಾವ ಲೆಕ್ಕವೂ ಕಾಯುವುದಿಲ್ಲ. ಮೋಸವಾದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ವಿದ್ಯಾರ್ಥಿಗಳೇ, ಇಂದು ಸಂಜೆ ಮನೆಯಲ್ಲಿ ಅಪ್ಪ ಅಮ್ಮನಿಗೆ ಈ ಗುಣಾಕಾರ ಮಾಡಿ ತೋರಿಸಿ.