ಕೈಗೆ ಬಂದಿದ್ದ ಆಟ



1939ರ ಸೆಪ್ಟೆಂಬರ್ 1ರಂದು ಹಿಟ್ಲರನ ಸೇನೆ ಪೋಲೆಂಡಿಗೆ ನುಗ್ಗಿತು. ಆಗ ಅರ್ಜೆಂಟೀನಾದ ಬ್ಯೂನಸ್ ಐರಿಸ್ ನಗರದಲ್ಲಿ ಚದುರಂಗದ ಒಲಿಂಪಿಯಾಡ್ ನಡೆಯುತ್ತಿತ್ತು. ಅದರ ಜೊತೆಗೇ ಮಹಿಳೆಯರ ವಿಶ್ವ ಚಾಂಪಿಯನ್‌ಷಿಪ್ ಕೂಡ. ಯುದ್ಧದ ಸುದ್ದಿ ಬಂದೊಡನೆ ಇಂಗ್ಲೆಂಡಿನ ಪುರುಷರ ತಂಡ ಹಿಂದೆ ಸರಿಯಿತು. ಅದೇ ದೇಶದ ಪರವಾಗಿ ಬಂದಿದ್ದ ವೆರಾ ಮೆನ್‌ಚಿಕ್ ಉಳಿದು ಆಡಿದರು.

ಮೆನ್‌ಚಿಕ್ 1927ರಿಂದಲೂ ವಿಶ್ವ ಚಾಂಪಿಯನ್. ಹುಟ್ಟಿದ್ದು ಮಾಸ್ಕೋದಲ್ಲಿ, ತಂದೆ ಚೆಕ್, ತಾಯಿ ಇಂಗ್ಲಿಷ್. 1929ರಲ್ಲಿ ಕಾರ್ಲ್ಸ್‌ಬಾಡ್ ಪಂದ್ಯಾವಳಿಗೆ ಅವರನ್ನು ಕರೆದಾಗ ಆಲ್ಬರ್ಟ್ ಬೆಕರ್ ಎಂಬ ಆಟಗಾರರು, ಆಕೆಗೆ ಸೋತವರೆಲ್ಲ 'ಮೆನ್‌ಚಿಕ್ ಕ್ಲಬ್' ಸೇರಲಿ ಎಂದು ಗೇಲಿ ಮಾಡಿದರಂತೆ. ಮೊದಲ ಸದಸ್ಯರಾದವರು ಬೆಕರ್ ಅವರೇ! ಮುಂದೆ ವಿಶ್ವ ಚಾಂಪಿಯನ್ ಆದ ಮ್ಯಾಕ್ಸ್ ಯೂವೆ ಕೂಡ ಆ ಕ್ಲಬ್ಬಿಗೆ ಸೇರಬೇಕಾಯಿತು.

ಎದುರಾಳಿ ಸೋನಿಯಾ ಗ್ರಾಫ್ ಮ್ಯೂನಿಕ್‌ನವರು. ನಾಜಿಗಳನ್ನು ಒಪ್ಪದ ಕಾರಣ ಜರ್ಮನಿ ಅವರನ್ನು ತನ್ನ ಪರವಾಗಿ ಆಡಿಸಲಿಲ್ಲ. ಯಾವ ದೇಶಕ್ಕೂ ಸೇರದೆ, 'ಲಿಬ್ರೆ' ಅಂದರೆ 'ಸ್ವತಂತ್ರ' ಎಂಬ ಹೆಸರಿನಡಿ ಅವರು ಆಡಿದರು. ಮೆನ್‌ಚಿಕ್ ಅವರದು ತಾಳ್ಮೆಯ, ಭದ್ರವಾದ ಆಟ. ಗ್ರಾಫ್ ಅವರದು ಮುನ್ನುಗ್ಗುವ ಆಟ. ಎರಡು ವರ್ಷಗಳ ಹಿಂದೆ, 1937ರಲ್ಲಿ, ಆಸ್ಟ್ರಿಯಾದ ಸೆಮ್ಮರಿಂಗ್‌ನಲ್ಲಿ ಇಬ್ಬರೂ 16 ಆಟ ಆಡಿದ್ದರು. ಗ್ರಾಫ್ ಗೆದ್ದದ್ದು ಬರೀ ಎರಡು.

ಬ್ಯೂನಸ್ ಐರಿಸ್‌ನಲ್ಲಿ ಹಾಗಾಗಲಿಲ್ಲ. ಇಬ್ಬರೂ ಮಣೆಯ ಮುಂದೆ ಕುಳಿತಾಗ ಗ್ರಾಫ್ ಮೇಲುಗೈ ಪಡೆದು, ಖಚಿತವಾಗಿ ಗೆಲ್ಲುವ ಸ್ಥಿತಿಗೆ ಬಂದರು. ಚದುರಂಗ ಆಡುವ ನಿಮಗೆ ಗೊತ್ತಿರುತ್ತದೆ, ಅಪಾಯ ಶುರುವಾಗುವುದೇ ಆಗ. ಸೋಲುತ್ತಿರುವವರು ಪ್ರತಿ ನಡೆಗೂ ಎಚ್ಚರದಿಂದಿರುತ್ತಾರೆ. ಗೆಲ್ಲುತ್ತಿರುವವರ ಮನಸ್ಸು ಆಗಲೇ ಮುಂದಕ್ಕೆ ಓಡಿರುತ್ತದೆ. ಗ್ರಾಫ್ ತಪ್ಪಿದರು. ಮೆನ್‌ಚಿಕ್ ಕಾದಿದ್ದು ಆಟವನ್ನೇ ತಿರುಗಿಸಿ ಗೆದ್ದರು.

ಈಗ ಲೆಕ್ಕ ನೋಡಿ. ತಲಾ 19 ಆಟಗಳಲ್ಲಿ ಮೆನ್‌ಚಿಕ್‌ಗೆ 18 ಅಂಕ, ಗ್ರಾಫ್‌ಗೆ 16. ಆ ಒಂದು ಆಟವನ್ನು ಗ್ರಾಫ್ ಗೆದ್ದಿದ್ದರೆ ಇಬ್ಬರಿಗೂ ಹದಿನೇಳು ಹದಿನೇಳು! ದೇಶವೇ ಇಲ್ಲದ ಆಟಗಾರ್ತಿ ಚಾಂಪಿಯನ್ ಜೊತೆ ಸಮನಾಗಿ ನಿಲ್ಲುತ್ತಿದ್ದರು.

ಗ್ರಾಫ್ ಯುದ್ಧಕಾಲದಲ್ಲಿ ಅರ್ಜೆಂಟೀನಾದಲ್ಲೇ ಉಳಿದರು. ಬಳಿಕ ಅಮೆರಿಕಕ್ಕೆ ಹೋಗಿ 1964ರಲ್ಲಿ ಅಲ್ಲಿನ ಮಹಿಳಾ ಚಾಂಪಿಯನ್ ಆದರು. ಮೆನ್‌ಚಿಕ್ ಲಂಡನ್ನಿಗೆ ಮರಳಿದರು. 1944ರ ಜೂನ್‌ನಲ್ಲಿ ಜರ್ಮನಿಯ ಹಾರುಬಾಂಬೊಂದು ಅವರ ಮನೆಯ ಮೇಲೆ ಬಿದ್ದು ಅವರು, ತಾಯಿ, ತಂಗಿ ಓಲ್ಗಾ ಮೂವರೂ ತೀರಿಕೊಂಡರು. ಆಗಲೂ ಅವರೇ ವಿಶ್ವ ಚಾಂಪಿಯನ್.