ಎಡಕ್ಕೆ ಪಂಪು, ಬಲಕ್ಕೆ ಪರೀಕ್ಷೆ

ಶ್ವಾಸಕೋಶದಿಂದ ಬಂದ ಶುದ್ಧ ರಕ್ತವನ್ನು ಮಹಾಪಧಮನಿಯ ಮೂಲಕ ಇಡೀ ದೇಹಕ್ಕೆ ತಳ್ಳುವ ಎಡ ಹೃತ್ಕುಕ್ಷಿ, ಅಂದರೆ ಹೃದಯದ ಕೆಳಗಿನ ಎಡಗೋಣೆ, ಔಷಧಗಳಿಗೂ ಜಗ್ಗದಷ್ಟು ಬಲಗುಂದಿದಾಗ, ಅದರ ತುದಿಗೆ ಸಣ್ಣ ಪಂಪೊಂದನ್ನು ಜೋಡಿಸಿ ರಕ್ತವನ್ನು ನೇರವಾಗಿ ಮಹಾಪಧಮನಿಗೆ ಹರಿಸುವ ಶಸ್ತ್ರಚಿಕಿತ್ಸೆಯುಂಟು. ವೈದ್ಯರು ಎಲ್‌ವ್ಯಾಡ್ ಎಂದು ಕರೆಯುವ ಈ ಯಂತ್ರ ಕೆಲವರಿಗೆ ದಾನಿಯ ಹೃದಯ ಸಿಗುವವರೆಗಿನ ಆಸರೆಯಾದರೆ, ಕಸಿಗೆ ಯೋಗ್ಯರಲ್ಲದವರಿಗೆ ಕೊನೆಯವರೆಗಿನ ಸಂಗಾತಿ. 2017ರಲ್ಲಿ ಅಮೆರಿಕದಲ್ಲಿ ಅನುಮೋದನೆ ಪಡೆದ ಹಾರ್ಟ್‌ಮೇಟ್ 3 ಎಂಬ ಪಂಪಿನ ತೂಕ ಸುಮಾರು 200 ಗ್ರಾಂ. ಅದರ ಚಕ್ರ ಯಾವ ಬೇರಿಂಗನ್ನೂ ಮುಟ್ಟದೆ ಕಾಂತಬಲದಲ್ಲಿ ತೇಲುತ್ತ ತಿರುಗುತ್ತದೆ, ಹೊಟ್ಟೆಯ ಚರ್ಮದಿಂದ ಹೊರಬರುವ ತಂತಿಯೊಂದು ಅದಕ್ಕೆ ಬ್ಯಾಟರಿಯಿಂದ ವಿದ್ಯುತ್ತನ್ನು ಒಯ್ಯುತ್ತದೆ.

ಇಂಥ ಶಸ್ತ್ರಚಿಕಿತ್ಸೆ ಬೆಂಗಳೂರು, ಚೆನ್ನೈಗಳಂಥ ಮಹಾನಗರಗಳ ಕೆಲವೇ ಆಸ್ಪತ್ರೆಗಳಲ್ಲಿ ನಡೆಯುತ್ತದೆಯಾದರೂ, ಅದರತ್ತ ಸಾಗುವ ದಾರಿಯ ಮೊದಲ ಚಿತ್ರ ರೋಗಿಯ ಊರಿನ ಸಮೀಪದಲ್ಲೇ ಸಿಗಬಲ್ಲದು. 1957ರಲ್ಲಿ ಆರಂಭವಾಗಿ ಇಂದಿಗೂ ಜನರ ಬಾಯಲ್ಲಿ ಕಿಮ್ಸ್ ಆಗಿಯೇ ಉಳಿದಿರುವ ಹುಬ್ಬಳ್ಳಿಯ ವೈದ್ಯಕೀಯ ಸಂಸ್ಥೆಯಲ್ಲಾಗಲಿ, ಹುಬ್ಬಳ್ಳಿ-ಧಾರವಾಡ ಅವಳಿನಗರದ ನಡುವಿನ ಸತ್ತೂರಿನ ಎಸ್‌ಡಿಎಂ ಆಸ್ಪತ್ರೆಯಲ್ಲಾಗಲಿ, ‘ಎಕೋ ಮಾಡಿಸಿಕೊಂಡು ಬರ್ರಿ’ ಎಂಬ ಮಾತು ಹೃದ್ರೋಗಿಗಳಿಗೆ ಹೊಸದಲ್ಲ.

ಎಕೋ ಎಂದರೆ ಮಾರ್ದನಿ; ಮರಳಿ ಬಂದ ಸದ್ದಿನಿಂದ ಹೃದಯದ ಚಿತ್ರ ಮೂಡಿಸುವ ಪರೀಕ್ಷೆ. ಮನುಷ್ಯನ ಕಿವಿಗೆ ಸೆಕೆಂಡಿಗೆ 20,000 ಕಂಪನಗಳಾಚೆಗಿನ ಸದ್ದು ಕೇಳಿಸದು. ಎಕೋ ಉಪಕರಣ ಬಳಸುವುದು ಸುಮಾರು 20ರಿಂದ 50 ಲಕ್ಷ ಕಂಪನಗಳ ಶ್ರವಣಾತೀತ ಧ್ವನಿಯನ್ನು. ಧಾರವಾಡ ಆಕಾಶವಾಣಿಯ 765 ಕಿಲೋಹರ್ಟ್ಸ್‌ಗಿಂತ ಇದು ಅಂಕಿಯಲ್ಲಿ ಹಲವು ಪಟ್ಟು ಹೆಚ್ಚು, ಆದರೆ ಅದು ಬಾನಿನಲ್ಲಿ ಸಾಗುವ ವಿದ್ಯುತ್ಕಾಂತ ತರಂಗ, ಇದು ಮಾಂಸ ರಕ್ತಗಳಲ್ಲಿ ಹಾದು ಮರಳುವ ಸದ್ದು. 1953ರಲ್ಲಿ ಸ್ವೀಡನ್ನಿನ ಲುಂಡ್ ನಗರದಲ್ಲಿ ವೈದ್ಯ ಇಂಗೆ ಎಡ್ಲರ್ ಮತ್ತು ಭೌತವಿಜ್ಞಾನಿ ಹೆಲ್ಮುತ್ ಹರ್ಟ್ಸ್ ಹೃದಯದ ಚಲನೆಯನ್ನು ಈ ಬಗೆಯಲ್ಲಿ ಮೊದಲು ದಾಖಲಿಸಿದ್ದು ಎರವಲು ತಂದ, ಲೋಹದ ಬಿರುಕು ಹುಡುಕುವ ಯಂತ್ರದಿಂದ.

ಪಂಪಿಗೆ ಮುನ್ನ ಎಡ ಹೃತ್ಕುಕ್ಷಿ ಪ್ರತಿ ಬಡಿತಕ್ಕೆ ತನ್ನೊಳಗಿನ ರಕ್ತದ ಎಷ್ಟು ಪಾಲನ್ನು ಹೊರಹಾಕುತ್ತದೆಂಬುದನ್ನು ಅಳೆಯುತ್ತಾರೆ; ಆರೋಗ್ಯವಂತರಲ್ಲಿ ಶೇ. 55ಕ್ಕಿಂತ ಹೆಚ್ಚಿರುವ ಇದು ಇಂಥ ರೋಗಿಗಳಲ್ಲಿ ಸಾಮಾನ್ಯವಾಗಿ ಶೇ. 25ಕ್ಕೂ ಕಡಿಮೆ. ಎಡಭಾಗ ಸೋತಿದೆಯೆಂಬುದು ಹೇಗೂ ತಿಳಿದದ್ದೇ. ಎಕೋ ಮುಖ್ಯವಾಗಿ ಉತ್ತರಿಸಬೇಕಾದ ಪ್ರಶ್ನೆ, ಯಂತ್ರ ಮುಟ್ಟದೆ ಬಿಡುವ ಬಲ ಹೃತ್ಕುಕ್ಷಿಯದು. ಸವದತ್ತಿಯ ಜಲಾಶಯದಲ್ಲಿ ಮಲಪ್ರಭೆಯ ನೀರಿದ್ದರಷ್ಟೇ ಅವಳಿನಗರದ ನಲ್ಲಿಗಳಲ್ಲಿ ನೀರು. ಪಂಪು ಎಷ್ಟೇ ಬಲವಾದದ್ದಿರಲಿ, ಇಲ್ಲದ ನೀರನ್ನು ಎತ್ತಲಾರದು. ಬಲ ಹೃತ್ಕುಕ್ಷಿಯು ಶ್ವಾಸಕೋಶದ ಮೂಲಕ ರಕ್ತವನ್ನು ಎಡಕ್ಕೆ ದಾಟಿಸದಿದ್ದರೆ ಯಂತ್ರವು ಬರಿದಾದ ಕೋಣೆಯ ಗೋಡೆಯನ್ನೇ ಹೀರತೊಡಗುತ್ತದೆ. ಅಷ್ಟೇ ಅಲ್ಲ, ಪಂಪು ದೇಹಕ್ಕೆ ಹೆಚ್ಚು ರಕ್ತ ಕಳಿಸಿದಷ್ಟೂ ಅದು ಮರಳಿ ಬರುವುದು ಬಲಭಾಗಕ್ಕೇ, ಹೀಗಾಗಿ ಅದರ ಹೊರೆ ಏರುತ್ತದೆ. ಆದ್ದರಿಂದ ಬಡಿತದ ವೇಳೆ ಬಲಗೋಣೆಗಳ ನಡುವಿನ ಕವಾಟದ ಅಂಚು ಎಷ್ಟು ಕೆಳಗಿಳಿಯುತ್ತದೆ ಎಂಬುದನ್ನೂ ಅಳೆಯುವುದುಂಟು. 17 ಮಿಲಿಮೀಟರಿಗಿಂತ ಕಡಿಮೆಯಿದ್ದರೆ ಬಲಭಾಗವೂ ಸೋತಿರಬಹುದೆಂಬ ಸೂಚನೆ. ಒಂದೇ ಅಂಕಿಯನ್ನು ನಂಬಿ ತೀರ್ಮಾನಿಸುವುದು ಅವಿವೇಕವಾದ್ದರಿಂದ, ರಕ್ತನಾಳದ ಮೂಲಕ ಸಣ್ಣ ಕೊಳವೆ ತೂರಿಸಿ ಬಲಭಾಗದ ಒತ್ತಡವನ್ನೂ ಅಳೆಯುತ್ತಾರೆ.

ಕವಾಟಗಳ ವಿಚಾರ ಬೇರೆ. ಮಹಾಪಧಮನಿಯ ಕವಾಟ ಸೋರುತ್ತಿದ್ದರೆ ಪಂಪು ತಳ್ಳಿದ ರಕ್ತ ಅಲ್ಲಿಂದಲೇ ಹೃತ್ಕುಕ್ಷಿಗೆ ಮರಳಿ, ಮತ್ತೆ ಪಂಪಿಗೆ ಸೇರಿ, ದೇಹಕ್ಕೆ ತಲುಪದೆ ಸುಮ್ಮನೆ ಸುತ್ತುತ್ತದೆ. ನಮ್ಮ ದೇಶದಲ್ಲಿ ಬಾಲ್ಯದ ಸಂಧಿವಾತ ಜ್ವರದಿಂದ ಕಿರಿದಾದ ಮೈಟ್ರಲ್ ಕವಾಟವೂ ಅಪರೂಪವಲ್ಲ. ಅದು ಪಂಪಿಗೆ ರಕ್ತ ಬರುವ ಬಾಗಿಲನ್ನೇ ತಡೆಯುತ್ತದೆ. ಇನ್ನು ಸುಮಾರು ನಾಲ್ವರಲ್ಲಿ ಒಬ್ಬರಿಗೆ ಹೃತ್ಕರ್ಣಗಳ, ಅಂದರೆ ಮೇಲಿನ ಕೋಣೆಗಳ, ನಡುವೆ ಜನನಾನಂತರ ಪೂರ್ತಿ ಮುಚ್ಚದ ಕಿಂಡಿಯೊಂದು ಉಳಿದಿರುತ್ತದೆ. ಎಡಭಾಗದ ಒತ್ತಡ ಹೆಚ್ಚಿರುವವರೆಗೆ ಅದು ಒತ್ತಿಕೊಂಡು ಮುಚ್ಚಿದ್ದು, ಪಂಪು ಆ ಒತ್ತಡವನ್ನು ಇಳಿಸಿದೊಡನೆ ತೆರೆದು ಅಶುದ್ಧ ರಕ್ತವನ್ನು ಎಡಕ್ಕೆ ಬಿಡಬಹುದು. ಇದನ್ನು ಕಂಡುಹಿಡಿಯುವ ಉಪಾಯ ಸರಳವಾದದ್ದು: ಚೆನ್ನಾಗಿ ಕುಲುಕಿದ ಸಲೈನನ್ನು ತೋಳಿನ ರಕ್ತನಾಳಕ್ಕೆ ಕೊಟ್ಟು, ಅದರ ಗುಳ್ಳೆಗಳು ಎಡಭಾಗದಲ್ಲಿ ಕಾಣಿಸುತ್ತವೆಯೇ ಎಂದು ನೋಡುವುದು. ಹೃತ್ಕುಕ್ಷಿಯ ತುದಿಯಲ್ಲಿ ರಕ್ತ ಹೆಪ್ಪುಗಟ್ಟಿದೆಯೇ ಎಂಬುದನ್ನೂ ಎಚ್ಚರದಿಂದ ಹುಡುಕಬೇಕು, ಪಂಪಿನ ಬಾಯಿಯನ್ನು ಕೂರಿಸುವುದು ಅಲ್ಲಿಯೇ.

ಹಿಂದೆ ಬೈಪಾಸ್ ಆಗಿರುವವರಲ್ಲಿ ಎದೆಗೂಡಿನ ಮೂಳೆಯ ಕೆಳಗೆ ಆಗ ಜೋಡಿಸಿದ ನಾಳಗಳು ಎಲ್ಲಿವೆ ಎಂದು ಸಿಟಿ ಸ್ಕ್ಯಾನ್ ತೋರಿಸುತ್ತದೆ. ಎಂಆರ್‌ಐ ಬೇಕಿದ್ದರೆ ಅದನ್ನೂ ಮೊದಲೇ ಮಾಡಿಸಬೇಕು, ಪಂಪು ಹೊತ್ತವರನ್ನು ಆ ಬೃಹತ್ ಕಾಂತದೊಳಗೆ ಕಳಿಸುವಂತಿಲ್ಲ.

ಶಸ್ತ್ರಚಿಕಿತ್ಸೆಯ ಕೋಣೆಯಲ್ಲೂ ಎಕೋ ಮುಗಿಯುವುದಿಲ್ಲ. ಅನ್ನನಾಳದೊಳಗೆ ಇಳಿಸಿದ ಉಪಕರಣದಿಂದ ಹೃದಯವನ್ನು ಹಿಂಬದಿಯಿಂದ ಮತ್ತೊಮ್ಮೆ ನೋಡುತ್ತಾರೆ. ಪಂಪು ತಿರುಗತೊಡಗಿದ ಮೇಲೆ ಎಡಬಲ ಕೋಣೆಗಳ ನಡುವಿನ ಗೋಡೆ ಎಡಕ್ಕೆ ಸೆಳೆದುಕೊಂಡರೆ ವೇಗ ತಗ್ಗಿಸುತ್ತಾರೆ, ಬಲಕ್ಕೆ ಉಬ್ಬಿದರೆ ಏರಿಸುತ್ತಾರೆ, ಗೋಡೆ ನಟ್ಟನಡುವೆ ನಿಂತಾಗ ಆ ವೇಗವನ್ನು ಬರೆದಿಡುತ್ತಾರೆ.